ಮಾಸ್ತರರ ಅರಿವೆ

ಲಾಳಿ ಆ ಬದಿಗೆ ಮುಟ್ಟುವ ಮೊದಲೇ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆ ಮತ್ತೆ ಹರಿಯಿತು. ಬಾಯಿಗೆ ಬಂದ ಬೈಗುಳವನ್ನು ಉಳವಪ್ಪ ನುಂಗಿಕೊಂಡ, ಮಗ್ಗದ ಮೇಲೆ ಬಗ್ಗಿ ಹರಿದ ತುದಿಗಳನ್ನು ಹುಡುಕಿದ, ಬೆರಳನ್ನು ನಾಲಗೆಗೆ ಮುಟ್ಟಿಸಿ ಗಂಟು ಹೊಸೆದ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ದಿಲಾವರ, ತಪ್ಪು ತನ್ನದಲ್ಲ, ಕೈಯದು ಎನ್ನುವಂತೆ ತನ್ನ ಬಲಗೈಯನ್ನೇ ನೋಡುತ್ತಿದ್ದ.

ಗೋಡೆಯಾಚೆ ಭಜನೆ ನಡೆದಿತ್ತು. ಅಲ್ಲಿ ಪಡಸಾಲೆಯಲ್ಲಿ ಮಹಾಲಿಂಗಪ್ಪ ಮಾಸ್ತರರನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಪತ್ರಿಯ ಮಾಲೆ, ಎಡಗೈಯಲ್ಲಿ ಲಿಂಗ. ಬದುಕಿದ್ದಾಗ ಅವರು ಇಷ್ಟು ಹೊತ್ತು ಒಂದೇ ಕಡೆ ಕುಳಿತದ್ದನ್ನು ಹಾನಗಲ್ಲಿನಲ್ಲಿ ಯಾರೂ ಕಂಡವರಿಲ್ಲ. ಹಿಂದಿನ ದಿನ ಮಧ್ಯಾಹ್ನ, ಪಾಠ ಹೇಳುತ್ತಿರುವಾಗಲೇ ಎದೆ ಹಿಡಿದುಕೊಂಡು ಕುಸಿದಿದ್ದರು. ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸುದ್ದಿ ಬಸ್ಸಿನ ಡ್ರೈವರರ ಬಾಯಿಂದ ಬಾಯಿಗೆ ಹತ್ತಿ ಊರೂರಿಗೆ ಹೋಯಿತು. ಆಗಿನ ಬಸ್ಸುಗಳೋ ಇದ್ದಿಲು ತಿಂದು ಹೊಗೆ ಕಾರುವಂಥವು. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿತ್ತು. ಏರು ಬಂದರೆ ಟಿಕೀಟು ತೆಗೆಸಿದವರೇ ಇಳಿದು ನೂಕಬೇಕು. ಹಾಗೆ ಅರ್ಧ ಕುಳಿತು, ಅರ್ಧ ನೂಕಿ, ಹಳೆಯ ವಿದ್ಯಾರ್ಥಿಗಳಿಬ್ಬರು ಬೆಳಿಗ್ಗೆ ಬಂದು ಮುಟ್ಟಿದ್ದರು. ಒಬ್ಬ ಸವಣೂರಿನ ದಿಲಾವರ, ಇನ್ನೊಬ್ಬ ಹಂಸಭಾವಿಯ ಪರಮೇಶಪ್ಪ.

ಬಂದವರ ಕಣ್ಣಿಗೆ ಮೊದಲು ಬಿದ್ದದ್ದು ಮಾಸ್ತರರು ಉಟ್ಟಿದ್ದ ತೇಪೆಯ ದೋತರ. ಅದು ಅರಿವೆಗೆ ಕಂಟ್ರೋಲ್ ಬಂದ ಕಾಲ. ಅಂಗಡಿಯಲ್ಲಿ ಬಿಳಿಯ ಅರಿವೆ ಮುಗಿದು ಹೋಗಿತ್ತು. ಪರವಾನಗಿ ಕೊಡುವ ಕಚೇರಿ ರವಿವಾರವೆಂದು ಬಾಗಿಲು ಹಾಕಿತ್ತು. ಆ ಚಳಿಗಾಲದಲ್ಲಿ ಎಷ್ಟೋ ಗಂಡಸರು ಹೆಂಡತಿಯ ಹಳೆಯ ಸೀರೆ ಹೊದ್ದು ಮಣ್ಣಿಗೆ ಹೋಗಿದ್ದರು. ಮಾಸ್ತರರ ಹೆಂಡತಿ ಶಿವಬಸವ್ವ, ಒಗೆದ ದೋತರ ಇನ್ನೊಂದಿದೆ, ಅದೇ ಸಾಕು ಎಂದಿದ್ದಳು. ಮಣ್ಣು ಮಾಡುವ ಕೆಲಸವನ್ನೆಲ್ಲ ಮೈಮೇಲೆ ಹಾಕಿಕೊಂಡಿದ್ದ ಅವಳ ಅಣ್ಣ ಕರಬಸಪ್ಪನೂ ಸಾಕೆಂದ. ಬೇಡವೆಂದವನು ಮಾಸ್ತರರ ಜೊತೆಗೇ ಇದ್ದ ಶಿಷ್ಯ ಉಳವಪ್ಪ ಒಬ್ಬನೇ.

"ನಾಕು ತಾಲೂಕಿಗೆ ನೇಯೋದು ಕಲಿಸಿದವರು ತ್ಯಾಪಿ ಹಾಕ್ಕೊಂಡು ಹೋಗಬಾರದ್ರಿ," ಎಂದಿದ್ದ. "ಮಗ್ಗದ ಮ್ಯಾಲ ಹಾಸು ಐತಿ. ನಾವ ನೇಯ್ತೇವಿ."

ಕರಬಸಪ್ಪ ಆಕಾಶದ ಕಡೆ ನೋಡಿದ. "ಹೊತ್ತು ಗುಡಿ ಹಿಂದ ಇಳೀತಂದ್ರ ಎತ್ತತೇವಿ ನೋಡಪಾ. ಅರಿವಿ ಆಗಲಿ, ಬಿಡಲಿ. ನಿನ್ನ ಹಟಕ್ಕ ಮಾಸ್ತರನ್ನ ಇನ್ನೊಂದು ರಾತ್ರಿ ಕುಂಡ್ರಸಾಕ ಆಗಂಗಿಲ್ಲ."

ಹಾಸು ಹಾಕಿದ್ದು ಮಾಸ್ತರರೇ, ಹೋದ ವಾರ, ಈ ವರ್ಷದ ಹೊಸಬರಿಗೆ ತೋರಿಸಲೆಂದು. ತಾವೇ ಕುಳಿತು ಒಂದು ಗೇಣು ನೇಯ್ದೂ ಇದ್ದರು. ಉಳವಪ್ಪನ ಮನಸ್ಸಿನಲ್ಲಿದ್ದದ್ದು ಇಷ್ಟೇ: ಆ ಗೇಣಿನ ಮುಂದಿನದೆಲ್ಲ ಅದೇ ಕೈ ನೇಯ್ದಂತೆ ಕಾಣಬೇಕು, ಎಲ್ಲಿ ಮಾಸ್ತರರು ಬಿಟ್ಟರು, ಎಲ್ಲಿ ಬೇರೆಯವರು ಹಿಡಿದರು ಎಂದು ಯಾರಿಗೂ ಗೊತ್ತಾಗಬಾರದು. ಒಬ್ಬನೇ ಕುಳಿತರೆ ಹಾಗೆ ನೇಯಬಲ್ಲ. ಆದರೆ ಸಾವಿನ ಮನೆಯಲ್ಲಿ ಒಲೆ ಹೊತ್ತಿಲ್ಲ, ಹಸಿದ ಹೊಟ್ಟೆಯ ಒಂದೇ ಜೋಡಿ ಕೈಗೆ ಸಂಜೆಯೊಳಗೆ ಮುಗಿಯುವ ಕೆಲಸವಲ್ಲ. ಅದಕ್ಕೆ ಮೂವರೂ ಸರದಿ ಹಿಡಿದಿದ್ದರು. ಮೂಲೆಯಲ್ಲಿ ರಾಟೆಯ ಮುಂದೆ ಕುಳಿತು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದವಳು ಚಮನಬಿ. ಗಂಡ ತೀರಿದ ಮೇಲೆ ಸವಣೂರಿನಿಂದ ಹಾನಗಲ್ಲಿಗೆ ತಮ್ಮನ ಮನೆಗೆ ಬಂದವಳು, ತರಗತಿಗೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಅವಳು ಅಲ್ಲಿರುವುದು ರಾಟೆಯ ಗುಂಯ್‌ಗುಡುವಿಕೆಯಿಂದಷ್ಟೇ ತಿಳಿಯುತ್ತಿತ್ತು.

ಎಲ್ಲರದೂ ಒಂದೇ ಕೈ ಆಗಲೆಂದು ಉಳವಪ್ಪ ಎಲ್ಲರಿಗೂ ಒಂದೇ ಪಾಠ ಹೇಳಿದ್ದ. ಒಂದು ಅಂದರೆ ತುಳಿ, ಎರಡು ಅಂದರೆ ಲಾಳಿಯ ಹಗ್ಗ ಜಗ್ಗು, ಮೂರು ಅಂದರೆ ಬಡಿ. ಕೈಯಲ್ಲಿ ಕೋಲು ಹಿಡಿದು ಕವಾಯತು ಮಾಡಿಸಿದಂತೆ ಎಣಿಸಿದ್ದೂ ಆಯಿತು. ದಿಲಾವರ ಎಣಿಕೆ ತಪ್ಪಿದ. ಪರಮೇಶಪ್ಪ ಎಣಿಕೆ ತಪ್ಪಲಿಲ್ಲ, ಆದರೆ ಎರಡಕ್ಕೆ ನಿಂತು, ಯಾಕೆಂದು ಕೇಳಿದ. ಬಿಸಿಲು ಅಂಗಳದ ನಡುವೆ ಬಂದರೂ ಅರಿವೆ ಅಂಗೈ ಅಗಲವೂ ಬೆಳೆದಿರಲಿಲ್ಲ.

"ಹಿಂಗ ಎಣಿಸಿ ಮಾಸ್ತರು ನನಗ ಎಂದೂ ಕಲಿಸಿಲ್ಲ," ಎಂದ ದಿಲಾವರ. "ಅವರು ತಾಳಾ ಹಾಕತಿದ್ರು."

"ತಾಳಾ?" ಪರಮೇಶಪ್ಪ ಹುಬ್ಬು ಗಂಟಿಕ್ಕಿದ. "ಎರಡು ವರ್ಷ ಅವರ ಕೈಯಾಗ ಕಲಿತೇನಪಾ. ಒಂದು ದಿನ ತಾಳಾ ಕೇಳಿಲ್ಲ. ಮಾತಾರ ಎಲ್ಲಿ ಆಡತಿದ್ರು? ಮಗ್ಗಾ ಬಿಚ್ಚಿ ಹಾಕಿ ಹೋಗತಿದ್ರು."

ಇಬ್ಬರೂ ಒಬ್ಬರನ್ನೊಬ್ಬರು ಸುಳ್ಳುಗಾರನೆಂಬಂತೆ ನೋಡಿದರು. ಒಬ್ಬನ ಮಾಸ್ತರರನ್ನು ಇನ್ನೊಬ್ಬ ಕಂಡೇ ಇರಲಿಲ್ಲ. ಇಬ್ಬರ ಮಾಸ್ತರರನ್ನೂ ಕಂಡವನು ಉಳವಪ್ಪನೊಬ್ಬನೇ.

*

ಅದು ಸಂಚಾರಿ ನೇಯ್ಗೆ ಶಾಲೆ. ಮಗ್ಗಗಳನ್ನು ಬಿಚ್ಚಿ ಚಕ್ಕಡಿಗೆ ಹೇರುವುದು, ಒಂದೂರಲ್ಲಿ ಒಂದೆರಡು ವರ್ಷ ಇರುವುದು, ಮತ್ತೆ ಬಿಚ್ಚಿ ಮುಂದಿನೂರಿಗೆ ಹೊಡೆಯುವುದು. ಹೀಗೆ ಅದು ಶಿಗ್ಗಾವಿಯಿಂದ ಸವಣೂರಿಗೆ, ಸವಣೂರಿನಿಂದ ಹಿರೇಕೆರೂರ ಸೀಮೆಯ ಹಂಸಭಾವಿಗೆ ಹೋಗಿತ್ತು. ಯುದ್ಧ ಶುರುವಾಗಿ ನೂಲು ಸಿಗದಂತಾದಾಗ ಹಾನಗಲ್ಲಿನಲ್ಲಿ ಬಂದು ನಿಂತಿತ್ತು. ಮಗ್ಗಗಳೊಂದಿಗೆ ಚಕ್ಕಡಿಯ ಮೇಲೆ ಉಳವಪ್ಪನೂ ಹೋಗುತ್ತಿದ್ದ.

ಸವಣೂರಿನಲ್ಲಿದ್ದಾಗ ದಿಲಾವರ ಕರಿಹಲಗೆಯ ಮುಂದೆ ಕುಳಿತ ಕೂಡಲೇ ನಿದ್ದೆ ಹೋಗುತ್ತಿದ್ದ. ತೋರಿಸಿದರೆ ನೋಡುತ್ತಿದ್ದ, ನೋಡಿದ್ದು ಕೈಗೆ ಇಳಿಯುತ್ತಿರಲಿಲ್ಲ. ಹುಡುಗ ದಡ್ಡ, ಬಿಡಿಸಿಬಿಡೋಣವೆಂದು ಅವನ ಅಪ್ಪನೇ ಬಂದು ಹೇಳಿದ್ದ. ಮಾಸ್ತರರು ಮೊಹರಮ್ ಮುಗಿಯಲಿ ಎಂದರು. ಅಲಾವಿಯ ಬೆಂಕಿಯ ಮುಂದೆ ದಿಲಾವರ ಹಲಗೆ ಬಾರಿಸುವುದನ್ನು ಜನರ ನಡುವೆ ನಿಂತು ಕೇಳಿದರು. ಕುಣಿಯುವವರ ಕಾಲು ತಪ್ಪಬಹುದು, ಅವನ ಕೈ ತಪ್ಪಲಿಲ್ಲ. ಮರುದಿನ ಮಗ್ಗದ ಪಕ್ಕದಲ್ಲಿ ಕುಳಿತು, ಒಂದು ಕಟ್ಟಿಗೆಯ ತುಂಡಿನ ಮೇಲೆ ಅದೇ ಗತ್ತನ್ನು ಬಾರಿಸುತ್ತ, ಲಾಳಿ ಓಡಿಸು ಎಂದರು. ಮಧ್ಯಾಹ್ನದ ಹೊತ್ತಿಗೆ ಲಾಳಿ ಓಡುತ್ತಿತ್ತು.

"ಇವನ ಕೈಗೆ ಕಣ್ಣಿಲ್ಲೋ ಉಳವ್ಯಾ," ಎಂದಿದ್ದರು ಆ ಸಂಜೆ. "ಕಿವಿ ಅದಾವ."

ಹಂಸಭಾವಿಯ ಪರಮೇಶಪ್ಪನದು ಬೇರೆಯೇ ರೋಗ. ಅವನಿಗೆ 'ಯಾಕ' ಎಂಬುದು ಪ್ರಶ್ನೆಯಾಗಿರಲಿಲ್ಲ, ಉಸಿರಾಟವಾಗಿತ್ತು. ಉತ್ತರ ಸಿಗುವತನಕ ಕೈ ಕಟ್ಟಿ ಕುಳಿತುಬಿಡುವನು. ಉತ್ತರ ಕೊಟ್ಟರೆ ಅದಕ್ಕೂ ಒಂದು 'ಯಾಕ'. ಮಾಸ್ತರರು ಒಂದು ಬೆಳಿಗ್ಗೆ ಏನೂ ಹೇಳದೆ ಮಗ್ಗದ ಕೀಲುಗಳನ್ನೆಲ್ಲ ಕಳಚಿ, ಹಗ್ಗ ಬಿಚ್ಚಿ, ಅವನ ಮುಂದೆ ರಾಶಿ ಹಾಕಿ ಹೊರಟುಹೋದರು. ಅವನು ಆ ರಾಶಿಯ ಸುತ್ತ ವಾರಗಟ್ಟಲೆ ಸುತ್ತಿದ. ಸರಿಯಾಗಿ ಆಗಲೇ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. ಮಗ್ಗ ಎಲ್ಲಿ ಎಂದು ಕೇಳಿದರೆ ಮಾಸ್ತರರು ರಾಶಿಯ ಕಡೆ ಕೈ ಮಾಡಿದರು; ತರಗತಿ ಎಲ್ಲಿ ಎಂದರೆ ಅದರ ನಡುವೆ ಮುಖಕ್ಕೆಲ್ಲ ಎಣ್ಣೆ ಬಳಿದುಕೊಂಡು ಕುಳಿತಿದ್ದ ಪರಮೇಶಪ್ಪನ ಕಡೆ ಕೈ ಮಾಡಿದರು. "ವೆಲ್, ಇದು ಶಾಲಾ ಆಗಿದೆಯೋ, ಗುಜರಿ ಆಗಿದೆಯೋ," ಎಂದು ಸಾಹೇಬರು ಮೂಗಿನಿಂದ ಕೇಳಿದ್ದನ್ನು ಉಳವಪ್ಪ ಮುಂದೆ ಎಷ್ಟೋ ತಿಂಗಳು, ಎಷ್ಟೋ ಕಟ್ಟೆಗಳ ಮೇಲೆ ಆಡಿ ತೋರಿಸಿದ. ಪರಮೇಶಪ್ಪ ಮಾತ್ರ ಮಗ್ಗ ಜೋಡಿಸಿ ಎದ್ದ ದಿನವೇ, ಯಾರೂ ಕಲಿಸದೆ, ನೇಯಲು ಕುಳಿತ.

ಇನ್ನು ಉಳವಪ್ಪ. ನಾಟಕದ ಕಂಪನಿಯೊಂದು ಶಿಗ್ಗಾವಿಯಲ್ಲಿ ಮುರಿದುಬಿದ್ದಾಗ ಅಲ್ಲೇ ಉಳಿದುಹೋದ ಪೋರ. ಸಂತೆಯಲ್ಲಿ ಮಂದಿಯ ನಕಲಿ ಮಾಡಿ ಹೊಟ್ಟೆ ಹೊರೆಯುತ್ತಿದ್ದ. ಒಂದು ಸಂತೆಯ ದಿನ, ಎಡಭುಜ ತುಸು ಮೇಲೆತ್ತಿ ಮಗ್ಗುಲು ವಾಲಿ ನಡೆಯುವ ಹೊಸ ಮಾಸ್ತರರನ್ನು ಆಡಿ ತೋರಿಸಿದ. ಜನ ನಕ್ಕು ನಕ್ಕು ಉರುಳಿದರು. ನಗದೆ ನಿಂತಿದ್ದವರೊಬ್ಬರು ಮುಂದೆ ಬಂದರು. ನಡಿಗೆ ಬಂದಿದೆ, ಕೈ ಬಂದಿಲ್ಲ, ನಾಳೆ ಬಂದು ನೋಡಿಕೊಂಡು ಹೋಗು ಎಂದರು ಮಾಸ್ತರರು. ಅವನು ಹೋದ, ನೋಡಿದ, ಕುಳಿತು ಹಾಗೆಯೇ ಆಡಿದ. ಭುಜದ ಎಳೆತ, ಕಾಲಿನ ತುಳಿತ, ಲಾಳಿ ಓಡುವಾಗ ಬಿಗಿಯುವ ತುಟಿ. ನಕಲಿ ಮಾಡುತ್ತ ಮಾಡುತ್ತ ತಾನು ನೇಕಾರನಾಗಿದ್ದೇನೆಂದು ಅವನಿಗೆ ಗೊತ್ತಾದದ್ದು ಮೊದಲ ಅರಿವೆ ಮಗ್ಗದಿಂದ ಇಳಿದಾಗಲೇ.

ಅದೇ ಅವನನ್ನು ಒಳಗೊಳಗೇ ಕೊರೆಯುತ್ತಿದ್ದದ್ದು. ತನ್ನದೆಂಬುದು ಏನಿದೆ? ಇರುವುದೆಲ್ಲ ಮಾಸ್ತರರ ಕೈ. ಹೋದ ತಿಂಗಳು ಮಾಸ್ತರರು, ಇನ್ನು ಮುಂದೆ ತರಗತಿ ನಿನ್ನದೇ ಎಂದಾಗ, ಅವನು ಅವರದೇ ದನಿ ತೆಗೆದು "ಇನ್ನ ಮುಂದ ತರಗತಿ ನಿಂದ" ಎಂದು ನಕ್ಕುಬಿಟ್ಟಿದ್ದ. ಮಾಸ್ತರರು ನಕ್ಕಿರಲಿಲ್ಲ.

*

ಉಳವಪ್ಪ ಕೋಲನ್ನು ಮೂಲೆಗಿಟ್ಟ. ಒಂದು ಕಟ್ಟಿಗೆಯ ತುಂಡು ಹುಡುಕಿ ತಂದು ಮಗ್ಗದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಸವಣೂರಿನಲ್ಲಿ ಕೇಳಿದ್ದ ಗತ್ತನ್ನು ನೆನೆಸಿಕೊಂಡು ಬಾರಿಸಿದ. ದಿಲಾವರನ ಕಾಲು ತಾನೇ ಎದ್ದಿತು. ಆದರೂ ಲಾಳಿ ಅಳುಕುತ್ತಿತ್ತು. ಆಗ, ಹೇಳಬೇಕೆಂದುಕೊಳ್ಳುವ ಮೊದಲೇ, ಮಾಸ್ತರರ ದನಿ ಉಳವಪ್ಪನ ಗಂಟಲಿಗೆ ಬಂದಿತ್ತು.

"ದಿಲಾವರಾ, ಲಾಳಿ ಹಿಂದ ನೀ ಓಡಬ್ಯಾಡಪಾ. ಅದ ಬರತೈತಿ ನಿನ್ನ ಕಡೆ."

ಗೋಡೆಯಾಚೆ ಭಜನೆ ಥಟ್ಟನೆ ನಿಂತಿತು. ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕುಳಿತವರ ದನಿ ಹಿತ್ತಲ ಕೋಣೆಯಿಂದ ಬಂದರೆ ಯಾರ ತಾಳ ತಪ್ಪುವುದಿಲ್ಲ? ಕರಬಸಪ್ಪ ಬಾಗಿಲಿಗೆ ಬಂದ. ಸಿಟ್ಟಿಗೆ ಅವನ ಮುಖ ಕಪ್ಪಿಟ್ಟಿತ್ತು.

"ಹೆಣದ ಮುಂದ ನಕಲಿ ಮಾಡತೀಯೇನೋ? ನಾಚಿಕಿ ಬರಂಗಿಲ್ಲ ನಿನಗ?"

ಉಳವಪ್ಪ ಕಟ್ಟಿಗೆಯ ತುಂಡನ್ನು ಕೆಳಗಿಟ್ಟ. ಅಣ್ಣನ ಹಿಂದೆ ಶಿವಬಸವ್ವ ಬಂದು ನಿಂತಿದ್ದಳು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿತ್ತು.

"ದಿಲಾವರಗ ಅವರು ಅಷ್ಟು ಮೆತ್ತಗ ಹೇಳತಿದ್ದಿಲ್ಲ," ಎಂದಳು. "ಬೈದ್ರನ ಅವಗ ಕೇಳಸತಿತ್ತು. ಜೋರ್‌ಲೆ ಹೇಳು."

ಅಷ್ಟು ಹೇಳಿ ಒಳಗೆ ಹೋದಳು. ತುಸು ಹೊತ್ತಿನ ಮೇಲೆ ಭಜನೆ ಮತ್ತೆ ಶುರುವಾಯಿತು. ಉಳವಪ್ಪ ದಿಲಾವರನಿಗೆ ಬೈದ. ಮಾಸ್ತರರು ಬೈಯುತ್ತಿದ್ದಂತೆಯೇ, ಅವನ ಅಪ್ಪನ ಟಾಂಗಾದ ಕುದುರೆಯನ್ನೂ ಸವಣೂರಿನ ಎಲೆಬಳ್ಳಿಯನ್ನೂ ನಡುವೆ ಎಳೆದು ತಂದು ಬೈದ. ದಿಲಾವರ ನಗುತ್ತಿದ್ದ, ಕಣ್ಣಿಂದ ನೀರು ಇಳಿಯುತ್ತಿತ್ತು, ಲಾಳಿ ಓಡುತ್ತಿತ್ತು.

ಪರಮೇಶಪ್ಪನಿಗೆ ದನಿ ಬೇಕಾಗಲಿಲ್ಲ. ಉಳವಪ್ಪ ಹರಿದ ಎಳೆಗಳ ತುದಿಗಳನ್ನು ಅವನ ಅಂಗೈಯಲ್ಲಿಟ್ಟು, ಏನೂ ಹೇಳದೆ ಎದ್ದುಹೋದ. ಪರಮೇಶಪ್ಪ ಅವನ್ನು ಬೆರಳಲ್ಲಿ ಹೊಸೆದ, ಹಲ್ಲಿನ ನಡುವೆ ಇಟ್ಟು ನೋಡಿದ, ಮಗ್ಗದ ಕೆಳಗೆ ಮಲಗಿ ಮೇಲೆ ನೋಡಿದ. ನೂಲು ಒಣಗಿ ಕಡ್ಡಿಯಾಗಿತ್ತು, ಅದಕ್ಕೇ ಹರಿಯುತ್ತಿತ್ತು. ಗೋಣಿಚೀಲ ಒದ್ದೆ ಮಾಡಿ ತಂದು ಕುಣಿಯಲ್ಲಿ ಹಾಸಿದ, ತಂಪು ಮೇಲೇರಿತು. ಆಮೇಲೆ ಎಳೆ ಹರಿದದ್ದು ಅಪರೂಪ. ತನ್ನ ಸರದಿಗೆ ಕುಳಿತವನು ಗಟ್ಟಿಯಾಗಿ, ಒಂದೇ ಹದದಲ್ಲಿ, ಗೋಡೆ ಕಟ್ಟಿದಂತೆ ನೇಯ್ದ.

ಅರಿವೆ ಬೆಳೆಯಿತು. ಆದರೆ ಉಳವಪ್ಪ ಬೆಳೆದದ್ದರ ಮೇಲೆ ಬೆರಳಾಡಿಸಿ ನೋಡಿದ. ಮಾಸ್ತರರ ಗೇಣಿನ ಪಕ್ಕದಲ್ಲಿ ದಿಲಾವರನ ಪಟ್ಟಿ, ತಾಳ ಬಿದ್ದಲ್ಲಿ ದಪ್ಪ, ಬಿಟ್ಟಲ್ಲಿ ತೆಳುವು. ಅದರ ಪಕ್ಕದಲ್ಲಿ ಪರಮೇಶಪ್ಪನ ಪಟ್ಟಿ, ಹಲಗೆಯಂತೆ ಬಿಗಿ. ಉಳವಪ್ಪನದು ಮಾತ್ರ ಮಾಸ್ತರರದೇ. ಒಬ್ಬರ ಕೈ ಎಂದು ಕುರುಡನೂ ಹೇಳುವಂತಿರಲಿಲ್ಲ. ಬಿಚ್ಚಿ ಮತ್ತೆ ನೇಯಲು ಹೊತ್ತಿಲ್ಲ. ಬಿಸಿಲು ಅಂಗಳ ಬಿಟ್ಟು ಗೋಡೆ ಹತ್ತಿತ್ತು.

ಕುಣಿ ತೋಡುವವರು ಬಂದು ಪರಮೇಶಪ್ಪನನ್ನು ಕರೆದೊಯ್ದರು. ಮಾಸ್ತರರನ್ನು ಕೂರಿಸುವ ಗೂಡನ್ನು ಅಳತೆಯಿಂದ ಕೊರೆಯಲು ಅವನಂಥವನೇ ಬೇಕಿತ್ತು. ಹೆಣ ಹೊರುವ ವಿಮಾನಕ್ಕೆ ಬಿದಿರು ತರಲು ದಿಲಾವರ ಹೋದ. ಕೊನೆಗೆ ಕರಬಸಪ್ಪ ಬಾಗಿಲಲ್ಲಿ ನಿಂತ. ಅವನ ದನಿಯಲ್ಲಿ ಈಗ ಸಿಟ್ಟಿರಲಿಲ್ಲ.

"ಉಳವಪ್ಪಾ, ಅವರಿಗೆ ಮಗ ಇಲ್ಲ. ಕಡೀ ಪೂಜಿ ನೀನ ಮಾಡಬೇಕಂತ ತಂಗಿ ಅಂದಾಳ. ಜಳಕ ಮಾಡಿ ಬಾ. ಅಯ್ಯನವರು ಬಂದು ಕುಂತಾರ."

ಇನ್ನೂ ಒಂದು ಮೊಳ ಉಳಿದಿತ್ತು. ಅದಿಲ್ಲದೆ ತಲೆಯ ಮೇಲಿಂದ ಹೊದಿಸಿದರೆ ಎದೆಯಿಂದ ಕೆಳಗೆ ಮುಚ್ಚದೆ ತೇಪೆಯ ದೋತರ ಕಾಣುತ್ತದೆ. ಉಳವಪ್ಪ ಸುತ್ತ ನೋಡಿದ. ಕೋಣೆಯಲ್ಲಿ ಉಳಿದವಳು ಚಮನಬಿ ಒಬ್ಬಳೇ.

ಬನ್ನಿ, ಕುಳಿತುಕೊಳ್ಳಿ ಎಂದ. ಅವಳು ಕುಳಿತಳು. ಕೈಯಲ್ಲಿ ಹಗ್ಗ ಹಿಡಿದಳು. ಆ ಕೈ ಕಲ್ಲಾಯಿತು. ಅವನು ತಾಳ ಹಾಕಿ ನೋಡಿದ, ಅವಳು ಹೆದರಿದಳು. ಕಾರಣ ಹೇಳಿ ನೋಡಿದ. ತಲೆ ಅಲ್ಲಾಡಿಸಿದಳು, ಕೈ ಅಲ್ಲಾಡಲಿಲ್ಲ. ತನ್ನ ಕೈ ನೋಡಿ ಹಾಗೆಯೇ ಮಾಡಿ ಎಂದ. ಅವಳು ಅವನ ಕೈ ನೋಡಲಿಲ್ಲ, ಅವನ ಕಣ್ಣು ತನ್ನನ್ನು ನೋಡುವುದನ್ನೇ ನೋಡಿದಳು.

"ಮಾಸ್ತರು ನಿಮಗ ಹ್ಯಾಂಗ ಹೇಳಿಕೊಡತಿದ್ರು ಅಕ್ಕಾರ?"

"ಇಲ್ರಿ ಅಣ್ಣಾರ, ಏನೂ ಹೇಳಿಲ್ಲ." ಅವಳ ದನಿ ತಳ ಸೇರಿತ್ತು. "ದಿನಾ ಒಂದು ಕೇಳತಿದ್ರು, ಮನ್ಯಾಗ ಏನ ಮಾಡತಿ, ಯಾವಾಗ ಮಾಡತಿ, ಅಂತ. ಮೊನ್ನೆ ಅಂದ್ರು, ಚಮನಬಿ, ನಿಂದು ಹ್ಯಾಂಗ ಅಂತ ನನಗಿನ್ನೂ ತಿಳಿದಿಲ್ಲವಾ, ತಡಿ, ತಿಳೀತೈತಿ ಅಂತ."

ಆಡಿ ತೋರಿಸಲು ಇಲ್ಲಿ ಮಾಸ್ತರರು ಇರಲಿಲ್ಲ. ಇವಳಿಗೆ ಹೇಳಿದ ಮಾತಿಲ್ಲ, ಹಾಕಿದ ತಾಳವಿಲ್ಲ, ಹರವಿದ ರಾಶಿಯಿಲ್ಲ. ಅವರಿಗೇ ತಿಳಿಯದೆ ಉಳಿದದ್ದು ಇದು. ಹೊರಗೆ ವಿಮಾನಕ್ಕೆ ಬಾಳೆಕಂಬ ಕಟ್ಟುತ್ತಿದ್ದರು. ಅವನ ಕಣ್ಣು ರಾಟೆಯ ಪಕ್ಕದ ಬುಟ್ಟಿಯ ಮೇಲೆ ಬಿತ್ತು. ಬೆಳಗಿನಿಂದ ಅವಳು ಸುತ್ತಿದ ಕಂಡಿಕೆಗಳು. ಒಂದರಲ್ಲೂ ಸಿಕ್ಕು ಇಲ್ಲ, ಸಡಿಲು ಇಲ್ಲ. ಇಡೀ ದಿನ ಅವಳ ಕಡೆ ಯಾರೂ ನೋಡಿರಲಿಲ್ಲ.

"ಮಾಸ್ತರು ಕೇಳಿದಾಗ ಏನ ಹೇಳಿದ್ರಿ? ಯಾವಾಗ ಮಾಡತೇನಿ ಅಂದ್ರಿ?"

"ಎಲ್ಲಾರೂ ಹೊರಗ ಹ್ವಾದ ಮ್ಯಾಲ ರಿ," ಎಂದಳು ಚಮನಬಿ. "ಮಂದಿ ಇದ್ರ ನನ್ನ ಕೈಯಾಗಿನ ರೊಟ್ಟಿನೂ ಹರೀತಾವ."

ನೋಡುವುದು ಅವನ ಜೀವಮಾನದ ಕಸುಬು. ನೋಡಿಯೇ ಉಂಡವನು, ನೋಡಿಯೇ ಕಲಿತವನು. ಅವನು ಲಾಳಿಗೆ ಹೊಸ ಕಂಡಿಕೆ ತುಂಬಿ ಅದರ ಜಾಗದಲ್ಲಿಟ್ಟ.

"ನಾ ಹೋಗತೇನಿ ಅಕ್ಕಾರ. ಬಾಗಲಾ ಮುಚ್ಚತೇನಿ. ಸಂದಿಯಾಗಿಂದನೂ ಯಾರೂ ಇಣುಕಂಗಿಲ್ಲ. ಒಂದು ಮೊಳ. ಹ್ಯಾಂಗ ಬಂದೀತು ಹಂಗ ಬರಲಿ."

ಬಾಗಿಲು ಎಳೆದುಕೊಂಡು ಹೊರಗೆ ಬಂದ. ಬಚ್ಚಲಲ್ಲಿ ಕುಳಿತು ಮೊದಲ ತಂಬಿಗೆ ಸುರಿದುಕೊಂಡ. ಕೋಣೆಯಿಂದ ಸಪ್ಪಳವಿಲ್ಲ. ಎರಡನೆಯದು ಸುರಿದುಕೊಂಡ. ಒಮ್ಮೆ ಇಣುಕಿ ಬರಲೇ ಎಂದು ಕಾಲು ಎದ್ದಿತು. ಕುಂಡೆ ಊರಿ ಕುಳಿತ. ಕರಬಸಪ್ಪ ಎರಡು ಸಲ ಹೆಸರು ಹಿಡಿದು ಕರೆದ. ಬಂದೆ ಎಂದ, ಆದರೆ ಬರಲಿಲ್ಲ. ತಂಬಿಗೆಯನ್ನು ಎದೆಗೊತ್ತಿಕೊಂಡು ಕಿವಿಯಾಗಿ ಕುಳಿತಿದ್ದ. ನೀರು ಆರಿ ಮೈ ನಡುಗತೊಡಗಿದಾಗ, ಖಟ್ ಎಂದು ಒಂದು ಸಪ್ಪಳ ಬಂತು. ಬಹಳ ಹೊತ್ತು ಬಿಟ್ಟು ಇನ್ನೊಂದು. ಆಮೇಲೆ, ಕೇಳಿದ್ದ ಯಾವ ನಡೆಯೂ ಅಲ್ಲದ ಒಂದು ನಡೆ. ಅವನಿಗೆ ಅದನ್ನು ಅಣಕಿಸಲು ಬರುತ್ತಿರಲಿಲ್ಲ.

*

ಹೊತ್ತು ಗುಡಿಯ ಹಿಂದೆ ಇಳಿದಾಗ ವಿಮಾನ ಎದ್ದಿತು. ಮಡಿಸಿದ ಅರಿವೆ ಉಳವಪ್ಪನ ಹೆಗಲ ಮೇಲಿತ್ತು. ಚಮನಬಿ ಆ ಒಂದು ಮೊಳ ನೇಯ್ದು ಮುಗಿಸಿದ್ದಳು. ಅವನು ಕತ್ತರಿ ಹಿಡಿದು ಬಂದಾಗ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಅವಳ ಮೊಳದ ಎಳೆಗಳ ನಡುವೆ ಬೆಳಕು ಕಾಣುತ್ತಿತ್ತು. ಹಣಿಗೆಯಿಂದ ಎಳೆ ಬಡಿಯಲು ಅವಳಿಗೆ ಕೈ ಬಂದಿರಲಿಲ್ಲ, ಒತ್ತಿದ್ದಳು ಅಷ್ಟೇ. ಆದರೂ ಒಂದು ಎಳೆಯೂ ಹರಿದಿರಲಿಲ್ಲ.

ಮಾಸ್ತರರನ್ನು ಕುಣಿಯಲ್ಲಿಳಿಸಿ ಗೂಡಿನಲ್ಲಿ ಕೂರಿಸಿದರು. ಉಳವಪ್ಪ ಕೆಳಗಿಳಿದು ಪೂಜೆ ಮಾಡಿದ. ಮೇಲೆ ಅಂಚಿನಲ್ಲಿ ದಿಲಾವರ, ಪರಮೇಶಪ್ಪ, ಊರ ಮಂದಿ ಬಗ್ಗಿ ನೋಡುತ್ತಿದ್ದರು. ಅವನು ಅರಿವೆ ಬಿಚ್ಚಿದಾಗ ಪಟ್ಟಿ ಪಟ್ಟಿಯಾಗಿ ಎಲ್ಲ ಎಲ್ಲರಿಗೂ ಕಂಡಿತು.

"ಒಬ್ಬರ ಕೈಯಾಗಿಂದಂಗ ಕಾಣಂಗಿಲ್ಲಲ್ಲೋ," ಎಂದ ಕರಬಸಪ್ಪ ಮೇಲಿನಿಂದ, ತಗ್ಗಿದ ದನಿಯಲ್ಲಿ. ಚೊಲೋ ನೇಯ್ದ ತುದಿಯನ್ನು ಮುಂದಕ್ಕೆ ತಂದು, ಜಾಳಾದದ್ದನ್ನು ಬೆನ್ನಿನ ಹಿಂದೆ ಹಾಕು ಎಂದೂ ಸೂಚಿಸಿದ. ಅಯ್ಯನವರೂ ವಿಭೂತಿಯ ಬಟ್ಟಲು ಹಿಡಿದು, ಯಾವ ತುದಿ ಮುಂದೆ ಎಂದು ಕೇಳಿದರು.

ಉಳವಪ್ಪ ಎರಡೂ ತುದಿಗಳನ್ನು ಕೈಯಲ್ಲಿ ಹಿಡಿದು ನೋಡಿದ. ಒಂದು ತುದಿಯಲ್ಲಿ ಮಾಸ್ತರರ ಗೇಣು.

"ಇದು ಹಿಂದ ಇರಲಿ ರಿ," ಎಂದ, ತನ್ನದೇ ದನಿಯಲ್ಲಿ. "ಈ ಹೊಸಾದು ಮುಂದ."

ತಲೆಯ ಮೇಲಿಂದ ಅರಿವೆ ಇಳಿಯಿತು. ಹೆಗಲ ಮೇಲೆ ದಿಲಾವರ, ಪರಮೇಶಪ್ಪರ ಪಟ್ಟಿಗಳು, ಎದೆಯ ಮೇಲೆ ಚಮನಬಿಯ ಮೊಳ. ಅಯ್ಯನವರು ವಿಭೂತಿಯ ಪುಡಿಯನ್ನು ಬೊಗಸೆಯಿಂದ ಬಿಟ್ಟರು. ಬಿಗಿಯಾದಲ್ಲಿ ಅದು ಮೇಲೆಯೇ ನಿಂತಿತು. ಎದೆಯ ಹತ್ತಿರ ನಿಲ್ಲಲಿಲ್ಲ. ಎಳೆ ಎಳೆಯ ನಡುವೆ ಸಣ್ಣಗೆ ಸೋಸಿ, ಒಳಗೆ ಇಳಿಯುತ್ತಲೇ ಇತ್ತು.